ತವರದ ತವರಿನಲ್ಲಿ ಲಿಥಿಯಂ

ನಮಸ್ಕಾರ. ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ತಿದಿ ಒತ್ತಿ ಇದ್ದಿಲು ಕೆಂಪಗೆ ಮಾಡಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಉದುರಿಸಿ, ಬೆಳ್ಳಗಿನ ಒಂದು ಕಡ್ಡಿ ತೀಡಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪಾತ್ರೆಯ ಒಳಗೆಲ್ಲ ಬೆಳ್ಳಿ! ಆ ಕಡ್ಡಿಯೇ ತವರ. ಇವತ್ತು ನಾನು ಹೇಳಹೊರಟಿರುವುದು ಆ ತವರದ ತವರುಮನೆಯ ಕಥೆ.

ಇಂಗ್ಲೆಂಡಿನ ನೈರುತ್ಯದ ತುದಿಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡಿರುವ ಜಾಗ ಕಾರ್ನ್‌ವಾಲ್. ಮೂರು ಸಾವಿರ ವರ್ಷಕ್ಕೂ ಹಿಂದಿನಿಂದ ಅಲ್ಲಿ ತವರ ತೆಗೆಯುತ್ತಿದ್ದರು. ಈಗ ಅದೇ ನೆಲದಲ್ಲಿ ಲಿಥಿಯಂ ಹುಡುಕುತ್ತಿದ್ದಾರೆ. ಮೊಬೈಲು, ಎಲೆಕ್ಟ್ರಿಕ್ ಕಾರು, ಎಲ್ಲದರ ಬ್ಯಾಟರಿಗೂ ಬೇಕಲ್ಲ, ಅದೇ ಲಿಥಿಯಂ.

ದೂರದ ಊರಿನ ಸಮಾಚಾರ ನಮಗ್ಯಾಕೆ ಅಂತೀರಾ? ನಮ್ಮ ಕೆಜಿಎಫ್ ಇದೆಯಲ್ಲ, ಅಲ್ಲಿಗೆ 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಜೊತೆ ಬಂದ ಗಣಿಯವರಲ್ಲಿ ಬಹಳ ಜನ ಈ ಕಾರ್ನ್‌ವಾಲಿನವರೇ. ಅವರ ಊರಲ್ಲಿ ತಾಮ್ರ, ತವರ ಎರಡಕ್ಕೂ ಬೆಲೆ ಬಿದ್ದು, ಹೊಟ್ಟೆಪಾಡಿಗೆ ದೇಶ ಬಿಟ್ಟ ಜನ ಅವರು. ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕ, ಕೋಲಾರ, ಗಣಿ ಇದ್ದ ಕಡೆಯೆಲ್ಲ ಅವರು ಹೋದರು. ನನ್ನ ಬಾಲ್ಯ ಕಳೆದದ್ದು ಬಂಗಾರಪೇಟೆ ಕಡೆ. ಗಾಳಿ ಎದ್ದ ದಿನ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಧೂಳು ಹೇಗೆ ಹಾರುತ್ತೆ ಅಂತ ಕಂಡವನು ನಾನು. ಹಾಗಾಗಿ ಗಣಿ ಅಂದರೆ ಖುಷಿಯೂ ಆಗುತ್ತೆ, ಸ್ವಲ್ಪ ಅನುಮಾನವೂ ಬರುತ್ತೆ.

ಅಲ್ಲಿ ಲಿಥಿಯಂ ಇದೆ ಅನ್ನೋದು ಹೊಸ ವಿಷಯವೇನಲ್ಲ. 1864ರಲ್ಲೇ ವೀಲ್ ಕ್ಲಿಫರ್ಡ್ ಅನ್ನುವ ಗಣಿಯೊಳಗೆ ಉಕ್ಕುತ್ತಿದ್ದ ಬಿಸಿನೀರನ್ನು ಪರೀಕ್ಷೆ ಮಾಡಿ, ಇದರಲ್ಲಿ ಲಿಥಿಯಂ ಇದೆ ಎಂದು ಹೇಳಿದ್ದರು. ಆಗ ಅದು ಯಾರಿಗೆ ಬೇಕಿತ್ತು? ಗಣಿಯವರಿಗೆ ಆ ನೀರು ಬರೀ ಕಾಟ, ಎತ್ತಿ ಹೊರಗೆ ಚೆಲ್ಲಬೇಕಾದದ್ದು. ಈಗ ಅದೇ ಸುತ್ತಿನ ಯುನೈಟೆಡ್ ಡೌನ್ಸ್ ಅನ್ನುವಲ್ಲಿ ಐದು ಕಿಲೋಮೀಟರಿಗೂ ಆಳಕ್ಕೆ ಬೋರ್ ಕೊರೆದಿದ್ದಾರೆ. ಮೇಲೆ ಬರುವ ಬಿಸಿನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂಗೂ ಜಾಸ್ತಿ ಲಿಥಿಯಂ. ನೀರಿನ ಶಾಖದಿಂದ ಕರೆಂಟು, ಅದೇ ನೀರನ್ನು ಸೋಸಿ ಲಿಥಿಯಂ, ಉಳಿದ ನೀರು ಮತ್ತೆ ಭೂಮಿಯೊಳಕ್ಕೆ. ದೊಡ್ಡ ಹಳ್ಳವೂ ಬೇಡ, ದಿಬ್ಬವೂ ಬೇಡ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಇನ್ನೊಂದು ದಾರಿ ಕಲ್ಲು. ಸೇಂಟ್ ಡೆನಿಸ್ ಹಳ್ಳಿಯ ಹತ್ತಿರ ಟ್ರೆಲಾವರ್ ಅಂತ ಒಂದು ಹಳೇ ಕ್ವಾರಿ ಇದೆ, ಪಿಂಗಾಣಿ ಮಾಡುವ ಬಿಳಿ ಜೇಡಿ ತೆಗೆದು ಬಿಟ್ಟದ್ದು. ಅಲ್ಲಿನ ಗ್ರಾನೈಟಿನ ಅಭ್ರಕದಲ್ಲಿ ಲಿಥಿಯಂ ಸೇರಿಕೊಂಡಿದೆ. ಎಷ್ಟು? ಸಾವಿರ ಕಿಲೋ ಕಲ್ಲು ಅಗೆದರೆ ಎರಡೂವರೆ ಕಿಲೋದಷ್ಟು ಲಿಥಿಯಂ ಆಕ್ಸೈಡ್. ಆಸ್ಟ್ರೇಲಿಯಾದ ಒಳ್ಳೇ ಗಣಿಗಳಲ್ಲಿ ಇದರ ನಾಲ್ಕೈದು ಪಟ್ಟು ಸಿಗುತ್ತೆ. ಅಂದರೆ ಇಲ್ಲಿ ಕಲ್ಲು ಪುಡಿ ಮಾಡುವ, ಅಭ್ರಕ ಬೇರ್ಪಡಿಸುವ, ಅದರಿಂದ ಲಿಥಿಯಂ ಬಿಡಿಸುವ ಖರ್ಚೆಲ್ಲ ಜಾಸ್ತಿ. 2016ರಲ್ಲಿ ಶುರುವಾದ ಕಾರ್ನಿಶ್ ಲಿಥಿಯಂ ಕಂಪನಿ 2024ರಲ್ಲಿ ಅಲ್ಲೊಂದು ಪ್ರಯೋಗದ ಘಟಕ ತೆರೆದಿದೆ, ಬ್ಯಾಟರಿಗೆ ಬಳಸುವ ಲಿಥಿಯಂ ಹೈಡ್ರಾಕ್ಸೈಡನ್ನು ವರ್ಷಕ್ಕೆ 10,000 ಟನ್ ಮಾಡುವ ಗುರಿ ಇಟ್ಟುಕೊಂಡಿದೆ. ಪಕ್ಕದಲ್ಲೇ ಇಮೆರಿಸ್ ಕಂಪನಿಯವರ ಇನ್ನೊಂದು ಯೋಜನೆಗೆ, ಬ್ಯಾಟರಿಗೆ ಬಳಸುವ ಮತ್ತೊಂದು ರೂಪವಾದ ಲಿಥಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, 20,000 ಟನ್ ಗುರಿ. ಗುರಿ ಅಂದೆ, ನೆನಪಿರಲಿ.

ನನಗೆ ತಲೆಯಲ್ಲಿ ಕೊರೆಯುವುದು ಕಲ್ಲೂ ಅಲ್ಲ ನೀರೂ ಅಲ್ಲ, ಬೆಲೆ. 2022ರ ಕೊನೆಯಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿತ್ತು, 2024ರ ಆರಂಭಕ್ಕೆ 1 ಲಕ್ಷದ ಆಸುಪಾಸಿಗೆ ಬಂದು ಕೂತಿತು. ಈ ಪೆಟ್ಟು ಕಾರ್ನ್‌ವಾಲಿಗೆ ಹೊಸದಲ್ಲ. ತವರದ ಬೆಲೆ ಬೀಳದ ಹಾಗೆ ಹಿಡಿದು ನಿಲ್ಲಿಸುತ್ತಿದ್ದ ಅಂತಾರಾಷ್ಟ್ರೀಯ ಮಂಡಳಿಯೊಂದು 1985ರ ಅಕ್ಟೋಬರಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಕುಸಿಯಿತು. ಬೆಲೆ ಅರ್ಧಕ್ಕಿಂತ ಕೆಳಗೆ ಹೋಯಿತು. ಗಣಿಗಳು ಒಂದೊಂದಾಗಿ ಮುಚ್ಚಿದವು, ಕೊನೆಯದಾದ ಸೌತ್ ಕ್ರಾಫ್ಟಿ 1998ರಲ್ಲಿ. ನೆಲದಡಿ ಇನ್ನೂ ತವರ ಇತ್ತು ಕಣ್ರೀ, ಅದನ್ನು ಮೇಲೆ ತಂದರೆ ಖರ್ಚು ಹುಟ್ಟುತ್ತಿರಲಿಲ್ಲ, ಅಷ್ಟೇ.

ಮುಚ್ಚಿದ ಮೇಲೂ ಗಣಿ ಸುಮ್ನೆ ಇರೋದಿಲ್ಲ. 1991ರಲ್ಲಿ ವೀಲ್ ಜೇನ್ ಗಣಿ ನಿಂತು, ಪಂಪು ನಿಂತು, 1992ರ ಜನವರಿಯಲ್ಲಿ ಒಳಗೆ ತುಂಬಿದ್ದ ನೀರು ನುಗ್ಗಿ ಕಾರ್ನನ್ ನದಿಗೆ ಇಳಿಯಿತು. ಹೊಳೆಯೆಲ್ಲ ತುಕ್ಕಿನ ಬಣ್ಣ, ಜೊತೆಗೆ ಕ್ಯಾಡ್ಮಿಯಂ, ಸತು, ಪಾಷಾಣ.

ನಮ್ಮ ಮಂಡ್ಯದ ಮರ್ಲಗಲ್ಲದಲ್ಲೂ ಲಿಥಿಯಂ ಸಿಕ್ಕಿತು ಎಂದು 2020ರಲ್ಲಿ ಪೇಪರಿನಲ್ಲಿ ಬಂದಾಗ 14,100 ಟನ್ ಅಂದಿದ್ದರು. ಆಮೇಲೆ ಸರ್ಕಾರದ ಲೆಕ್ಕ ಬಂದದ್ದು 1,600 ಟನ್. ಪೇಪರಿನ ಟನ್ನಿಗೂ ಕೈಗೆ ಸಿಗುವ ಟನ್ನಿಗೂ ಇಷ್ಟು ಅಂತರ ನೋಡಿ. ಕಾರ್ನ್‌ವಾಲಿನಲ್ಲಿ ನನ್ನ ಕೇಳಿದರೆ ಬಿಸಿನೀರಿನ ದಾರಿ ಮೇಲೆ ನನಗೆ ನಂಬಿಕೆ ಜಾಸ್ತಿ. ಲಿಥಿಯಂ ಬೆಲೆ ಬಿದ್ದ ವರ್ಷವೂ ಕರೆಂಟು ಮಾರಿಕೊಂಡು ಉಸಿರಾಡಬಹುದಲ್ಲ. ಕಲ್ಲಿನ ಗಣಿಗೆ ಆ ಆಸರೆ ಇಲ್ಲ. ಬ್ರಿಟನ್ ಸರ್ಕಾರ ತನ್ನ ಬ್ಯಾಂಕಿನಿಂದ 2023ರಲ್ಲಿ ದುಡ್ಡು ಹಾಕಿದೆ, ನಿಜ. ಬೆಲೆ ಕೆಳಗೇ ಉಳಿದರೆ ಇನ್ನೆಷ್ಟು ವರ್ಷ ಹಾಕೀತು?

ಇನ್ನೊಂದು ತಮಾಷೆ ಹೇಳಿ ಮುಗಿಸ್ತೀನಿ. ಎಲೆಕ್ಟ್ರಿಕ್ ಕಾರಿಗೆ ಲಿಥಿಯಂ ಒಂದೇ ಸಾಲದು. ಒಳಗಿನ ಸರ್ಕ್ಯೂಟ್ ಬೋರ್ಡುಗಳಲ್ಲಿ ತಂತಿ ಅಂಟಿಸುವ ಬೆಸುಗೆ ಇರುತ್ತಲ್ಲ, ಅದು ಬಹುಪಾಲು ತವರ, ನಮ್ಮ ಕಲಾಯಿಯವನ ಕಡ್ಡಿಯದ್ದೇ ಲೋಹ. ಅದಕ್ಕೇ ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯುವ ಕೆಲಸ ನಡೆದಿದೆ. ಇಪ್ಪತ್ತೈದು ವರ್ಷ ತುಂಬಿ ನಿಂತಿದ್ದ ನೀರನ್ನು 2023ರಿಂದ ಪಂಪು ಹಚ್ಚಿ ಖಾಲಿ ಮಾಡುತ್ತಾ ಬಂದಿದ್ದಾರೆ. ನಮಸ್ಕಾರ.