ಜಿರಳೆಗೆ ಹತ್ತಿರದ ನೆಂಟ ಯಾರು: ಜರಿಯೋ, ಸೀಗಡಿಯೋ?

[ಪರದೆ: ಜಿರಳೆ, ಜರಿ, ಸೀಗಡಿ ಅಕ್ಕಪಕ್ಕ]

ಜರಿ ಅಂದ್ರಾ? ಬಹಳ ಕಾಲ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ರು. ಕೀಟಕ್ಕೂ ಜರಿಗೂ ಒಂದೇ ಜೊತೆ ಕುಡಿಮೀಸೆ, ಉಸಿರಾಟಕ್ಕೆ ಗಾಳಿಕೊಳವೆ. ಸೀಗಡಿಗೆ ಎರಡು ಜೊತೆ ಮೀಸೆ, ಕಿವಿರು. ಆದರೆ ಗಾಳಿಕೊಳವೆ ನೆಲಕ್ಕೆ ಬಂದವರಿಗೆ ಬೇರೆ ಬೇರೆಯಾಗಿಯೂ ಹುಟ್ಟಬಹುದು. ಅದಕ್ಕೇ ಡಿಎನ್‌ಎ ನೋಡಬೇಕು.

ಜೀನ್ ಅಂದ್ರೆ ಒಂದು ಕೆಲಸದ ಸೂಚನೆ ಹೊತ್ತ ಡಿಎನ್‌ಎ ತುಂಡು. ತೊಂದರೆ ಏನಂದ್ರೆ ಡಿಎನ್‌ಎ ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಎ ಹೋಗಿ ಜಿ ಆಗುತ್ತೆ, ತಿರುಗಿ ಎ ಆಗುತ್ತೆ. ಕೀಟಗಳು ಹುಟ್ಟಿ ಸುಮಾರು 48 ಕೋಟಿ ವರ್ಷ, ಅಷ್ಟರಲ್ಲಿ ಗುರುತೇ ಅಳಿಸಿಹೋಗುತ್ತೆ. ಪ್ರೋಟೀನಿನ ಇಟ್ಟಿಗೆಯಾದ ಅಮೈನೋ ಆಮ್ಲ ಒಂದನ್ನು ಸೂಚಿಸೋ ಮೂರಕ್ಷರದ ಗುಂಪೇ ಕೋಡಾನ್. ಅದರ ಮೂರನೇ ಅಕ್ಷರವನ್ನಂತೂ ಇಷ್ಟು ಹಳೇ ವಿಷಯಕ್ಕೆ ನಂಬಲೇಬೇಡಿ.

ಹಾಗಾಗಿ ಅಕ್ಷರ ಬಿಡಿ, ಜೀನ್‌ಗಳು ಕೂತ ಸಾಲು ನೋಡಿ.

[ಪರದೆ: ಮೈಟೊಕಾಂಡ್ರಿಯಾ ಡಿಎನ್‌ಎ]

ಮೈಟೊಕಾಂಡ್ರಿಯಾ ಅಂದ್ರೆ ಜೀವಕೋಶದ ಶಕ್ತಿಮನೆ. ಅದರ ಡಿಎನ್‌ಎ 37 ಜೀನ್‌ಗಳ, ಅಂದ್ರೆ 37 ಮಣಿಗಳ ಸರ: ಪ್ರೋಟೀನಿಗೆ 13, ಪ್ರೋಟೀನ್ ಕಟ್ಟುವ ಯಂತ್ರದ ಭಾಗವಾದ ಆರ್‌ಆರ್‌ಎನ್‌ಎಗೆ 2, ಅದಕ್ಕೆ ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಗೆ 22. ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಹೊರುವ ಟಿಆರ್‌ಎನ್‌ಎ ಮಣಿ ಎರಡಿವೆ. ಹಾರ್ಸ್‌ಶೂ ಏಡಿಯಲ್ಲಿ (ಏಡಿಯಲ್ಲ, ಜೇಡದ ಬಳಗ!) ಅವೆರಡೂ ಪಕ್ಕಪಕ್ಕ. ಜರಿಯಲ್ಲೂ ಹಾಗೇ, ಅಂದ್ರೆ ಅದು ಹಳೇ ಜಾಗ. ಕೀಟವಾದ ಹಣ್ಣುನೊಣದಲ್ಲಿ? ಒಂದು ಮಣಿ ಎದ್ದುಹೋಗಿ ಕಾಕ್ಸ್1, ಕಾಕ್ಸ್2 ಅನ್ನೋ ಜೀನ್‌ಗಳ ನಡುವೆ ಕೂತಿದೆ. ಸೀಗಡಿಯಲ್ಲೂ ಅದೇ ಮಣಿ, ಅದೇ ಸಂದು! ಟಿಆರ್‌ಎನ್‌ಎ ಜೀನ್ ಜಾಗ ಬದಲಿಸೋದು ಅಪರೂಪವಲ್ಲ. ಅದೇ ಜೀನ್ ಅದೇ ಸಂದಿಗೆ ಎರಡು ಸಲ ಹೋಗೋದು ಅಪರೂಪ. 1998ರಲ್ಲಿ ಇದು ಪ್ರಕಟವಾದಾಗ ಜರಿಯ ವಾದ ಸೊರಗಿತು.

ನೀವೇ ಡಿಎನ್‌ಎ ಸೀಕ್ವೆನ್ಸ್ ಮಾಡಿಸೋದಾದ್ರೆ, ಅಂದ್ರೆ ಅಕ್ಷರ ಓದಿಸೋದಾದ್ರೆ, ಕಾಲಿನ ಸ್ನಾಯು ತಗೊಳ್ಳಿ. ಕರುಳು ಸೇರಿದರೆ ಅದು ತಿಂದದ್ದರ ಡಿಎನ್‌ಎನೂ ಬರುತ್ತೆ. ಪ್ರೋಟೀನಿಗೆ ತಿರುಗಿಸುವಾಗ ಅಕಶೇರುಕಗಳ ಮೈಟೊಕಾಂಡ್ರಿಯಾ ಕೋಡ್ ಬಳಸಿ, ಅಂದ್ರೆ ಕೋಡಾನ್ ಪಟ್ಟಿಗಳಲ್ಲಿ ಟೇಬಲ್ 5. ಮಾಮೂಲಿ ಟೇಬಲ್‌ಗೆ ಟಿಜಿಎ ಕೋಡಾನ್ ಅಂದ್ರೆ ಸ್ಟಾಪ್ (ಪ್ರೋಟೀನ್ ಮುಗೀತು), ಇಲ್ಲಿ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೋ ಆಮ್ಲ. ಟೇಬಲ್ 5ರಲ್ಲೂ ಜೀನ್ ಮಧ್ಯೆ ಸ್ಟಾಪ್ ಬಂತಾ? ಕೋಶಕೇಂದ್ರಕ್ಕೆ ನುಸುಳಿದ ಸತ್ತ ನಕಲಿರಬಹುದು, ಪಕ್ಕಕ್ಕಿಡಿ.

ಟೈಮ್ ಮುಗೀತಾ ಬಂತು, ಉಳಿದದ್ದು ಸರಸರ. 2010ರಲ್ಲಿ 75 ಸಂಧಿಪದಿಗಳ 62 ಕೋಶಕೇಂದ್ರ ಜೀನ್ ಹೋಲಿಸಿದಾಗ ವಂಶವೃಕ್ಷದಲ್ಲಿ ಕೀಟಗಳು ಕ್ರಸ್ಟೇಶಿಯನ್ (ಸೀಗಡಿ, ಏಡಿಗಳ ಬಳಗ) ಕೊಂಬೆಯ ಒಳಗೇ ಬಂದವು. ಅಂದ್ರೆ ಜಿರಳೆ ನೆಲಕ್ಕೆ ಬಂದ ಕ್ರಸ್ಟೇಶಿಯನ್! ಅದಕ್ಕೆ ತೀರ ಹತ್ತಿರದ್ದು ಸೀಗಡಿಯೂ ಅಲ್ಲ, ನೀರು ತುಂಬಿದ ಗುಹೆಗಳಲ್ಲಿ ಈಜುವ, ಕಣ್ಣಿಲ್ಲದ, ವಿಷ ಚುಚ್ಚುವ ರೆಮಿಪೀಡ್ ಅನ್ನುತ್ತವೆ ಈಚಿನ ಹೆಚ್ಚಿನ ವಿಶ್ಲೇಷಣೆಗಳು. 2010ರ ಮರದಲ್ಲಿ ಸೆಫಲೊಕಾರಿಡ್ (ಕಡಲತಳದ ಪುಟ್ಟ ಕ್ರಸ್ಟೇಶಿಯನ್) ಕೂಡ ರೆಮಿಪೀಡ್‌ಗೆ ಅಂಟಿತ್ತು. ಬೇಗ ಬದಲಾದ ಜೀವಿಗಳು ಸುಳ್ಳೇ ಜೊತೆಯಾಗೋದು ಇಂಥ ಮರಗಳ ಹಳೇ ಕಾಯಿಲೆ. ಜೀನ್‌ಗಳ ಸಂಖ್ಯೆ ನೂರಾರಕ್ಕೆ ಏರಿದ ಮೇಲೆ ಸೆಫಲೊಕಾರಿಡ್ ಬೇರೆ ಕೊಂಬೆಗೆ ಹೋಯಿತು.