ನಕ್ಷೆ ಹರಿಸಿದ ಕಾರುಗಳು

ಸ್ನೇಹಿತರೇ,

ಬಾಗಿಲ ಬಳಿ ಅಂಟಿಸಿರುವ ‘ಒಂಟಿ ಸೀಟಿನ ಶ್ರೇಷ್ಠ ರೇಸ್ ಕಾರುಗಳು’ ಪಟ್ಟಿಯನ್ನು ಎಲ್ಲರೂ ನೋಡಿಯೇ ಒಳಗೆ ಬಂದಿದ್ದೀರಿ. ಮೊದಲ ಸ್ಥಾನ ರೆಡ್‌ಬುಲ್ ಆರ್‌ಬಿ19ಕ್ಕೆ: 2023ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 22 ರೇಸ್, 21 ಗೆಲುವು. ಎರಡನೆಯದು ಮೆಕ್‌ಲಾರೆನ್ ಎಂಪಿ4/4: 1988ರಲ್ಲಿ 16ರಲ್ಲಿ 15. ಅಂಕಿಗಳು ಸರಿಯಾಗಿವೆ. ನನ್ನ ತಕರಾರು ಅಳತೆಗೋಲಿನದು. ಗೆಲುವು ಎಣಿಸಿದರೆ ಆ ವರ್ಷ ಯಾರ ಕೈ ಮೇಲಾಗಿತ್ತು ಎಂಬುದು ತಿಳಿಯುತ್ತದೆ, ಅಷ್ಟೇ. ಕಾರಿನ ದೊಡ್ಡತನ ತಿಳಿಯಬೇಕಾದರೆ ಸೋತವರ ವರ್ಕ್‌ಶಾಪಿಗೆ ಹೋಗಬೇಕು. ಎರಡು ಮೂರು ವರ್ಷ ಕಳೆದ ಮೇಲೆ ಅವರು ಏನು ಕಟ್ಟುತ್ತಿದ್ದರು? ಹಳೆಯ ನಕ್ಷೆಯನ್ನೇ ತಿದ್ದುತ್ತಿದ್ದರೋ, ಹರಿದು ಬಿಸಾಡಿದ್ದರೋ?

ಈ ಅಳತೆಗೆ ನನ್ನ ಮೊದಲ ಕಾರು ಕೂಪರ್ ಟಿ43. ನೋಡಲು ಆಟಿಕೆಯಂತಿತ್ತು. ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್, ಮಗ ಜಾನ್ ಕೂಪರ್ ನಡೆಸುತ್ತಿದ್ದ ಗ್ಯಾರೇಜಿನ ಕೂಸು. ಅವರು ಎಂಜಿನ್ ಅನ್ನು ಚಾಲಕನ ಬೆನ್ನ ಹಿಂದೆ ಇಟ್ಟಿದ್ದಕ್ಕೆ ಯಾವ ಮಹಾ ಸಿದ್ಧಾಂತವೂ ಕಾರಣವಲ್ಲ, ಒಂದು ಸರಪಳಿ ಕಾರಣ! 1946ರಲ್ಲಿ ಕಟ್ಟಿದ 500 ಸಿಸಿಯ ಪುಟ್ಟ ಕಾರಿಗೆ ಮೋಟಾರ್ ಸೈಕಲ್ಲಿನ ಎಂಜಿನ್ ಹಾಕಿದ್ದರು. ಅದರ ಸರಪಳಿ ಹಿಂದಿನ ಚಕ್ರ ತಿರುಗಿಸಬೇಕು, ಹಾಗಾಗಿ ಎಂಜಿನ್ ಹಿಂದೆ ಕೂತಿತು. ದೊಡ್ಡ ಕಾರು ಕಟ್ಟುವಾಗಲೂ ಅದೇ ಜೋಡಣೆ ಉಳಿಯಿತು. ಗೇರ್‌ಬಾಕ್ಸಿಗೆ ಮುಂದಿನ ಚಕ್ರದಿಂದ ಓಡುವ ಸಿಟ್ರೋಯೆನ್ ಕಾರಿನ ಪೆಟ್ಟಿಗೆ ತಂದು, ಮಾರ್ಪಡಿಸಿ, ಹಿಂದೆ ಕೂರಿಸಿದರು.

ಇದರಿಂದ ಏನು ಲಾಭ? ಮುಂದೆ ಎಂಜಿನ್ ಇದ್ದರೆ ಶಕ್ತಿ ಹಿಂದಿನ ಚಕ್ರ ಮುಟ್ಟಲು ಉದ್ದನೆಯ ಶಾಫ್ಟ್ ಬೇಕು. ಚಾಲಕ ಅದರ ಮೇಲೋ ಪಕ್ಕಕ್ಕೋ ಕೂರಬೇಕು. ಶಾಫ್ಟ್ ಹೋದರೆ ಸೀಟು ಕೆಳಗಿಳಿಯುತ್ತದೆ, ಗಾಳಿಗೆ ಒಡ್ಡುವ ಮೈ ಕಿರಿದಾಗುತ್ತದೆ, ತೂಕ ಇಳಿಯುತ್ತದೆ. ಭಾರವೆಲ್ಲ ನಡುವಿಗೆ ಬರುವುದರಿಂದ ತಿರುವಿನಲ್ಲಿ ಕಾರು ಬೇಗ ತಿರುಗುತ್ತದೆ. ತೂಕ ಕಡಿಮೆ ಎಂದರೆ ಟೈರಿನ ಸವೆತವೂ ಕಡಿಮೆ. ಈ ಮಾತು ನೆನಪಿಡಿ, ಈಗ ಬೇಕಾಗುತ್ತದೆ.

1958ರ ಜನವರಿ 19, ಬ್ಯೂನಸ್ ಐರಿಸ್. ಆ ವರ್ಷದಿಂದ ಮೆಥನಾಲ್ ಬಿಟ್ಟು ವಿಮಾನದ ಪೆಟ್ರೋಲ್ ಸುಡಬೇಕೆಂಬ ನಿಯಮ ಬಂದಿತ್ತು. ಹಲವರ ಎಂಜಿನ್‌ಗಳು ಇನ್ನೂ ಅದಕ್ಕೆ ಸಿದ್ಧವಿರಲಿಲ್ಲ. ರೇಸಿಗೆ ನಿಂತದ್ದು 10 ಕಾರು. ರಾಬ್ ವಾಕರ್ ಅವರ ಖಾಸಗಿ ತಂಡದ ಕೂಪರ್‌ನಲ್ಲಿ ಸ್ಟರ್ಲಿಂಗ್ ಮಾಸ್. ಎಂಜಿನ್ ಬರೀ 1,960 ಸಿಸಿ, ನಾಲ್ಕು ಸಿಲಿಂಡರಿನ ಕ್ಲೈಮ್ಯಾಕ್ಸ್. ಎದುರಿಗೆ 2,417 ಸಿಸಿಯ ಫೆರಾರಿಗಳು. ಜೊತೆಗೆ ಒಂದು ದೊಡ್ಡ ಕೊರತೆ. ಫೆರಾರಿಯ ಚಕ್ರಕ್ಕೆ ನಡುವೆ ಒಂದೇ ದೊಡ್ಡ ನಟ್, ಸುತ್ತಿಗೆಯಿಂದ ನಾಲ್ಕು ಬಾರಿಸಿದರೆ ಚಕ್ರ ಕೈಗೆ ಬರುತ್ತದೆ. ಕೂಪರ್‌ನ ಚಕ್ರಕ್ಕೆ ನಮ್ಮ ಮನೆಯ ಕಾರಿನ ಹಾಗೆ ನಾಲ್ಕು ಬೋಲ್ಟ್. ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಬಂದು ಟೈರ್ ಬದಲಿಸಿದರೆ ರೇಸ್ ಅಲ್ಲಿಗೇ ಮುಗಿಯಿತು.

ಆದ್ದರಿಂದ ನಿಲ್ಲುವುದೇ ಬೇಡ ಎಂದುಕೊಂಡರು. ಆದರೆ ಅದು ಫೆರಾರಿಯವರಿಗೆ ಗೊತ್ತಾಗಬಾರದು. ರೇಸ್ ನಡುವೆ ಮೆಕ್ಯಾನಿಕ್ ಆಲ್ಫ್ ಫ್ರಾನ್ಸಿಸ್ ಹೊಸ ಟೈರ್‌ಗಳನ್ನು ಪಿಟ್ ಮುಂದೆ ಸಜ್ಜುಮಾಡಿ, ಇನ್ನೇನು ಕಾರು ಬಂದೇಬಿಟ್ಟಿತು ಎನ್ನುವಂತೆ ನಿಂತ. ಫೆರಾರಿಯ ಚಾಲಕ ಮುಸ್ಸೊ ಅವಸರ ಮಾಡಲಿಲ್ಲ. ಹೇಗೂ ನಿಲ್ಲುತ್ತಾನೆ, ಆಗ ದಾಟಿದರಾಯಿತು ಎಂಬ ಲೆಕ್ಕ. ಸುತ್ತಿನ ಮೇಲೆ ಸುತ್ತು ಕಳೆಯಿತು, ಮಾಸ್ ಬರಲೇ ಇಲ್ಲ. ಮೋಸ ತಿಳಿದು ಮುಸ್ಸೊ ಬೆನ್ನುಹತ್ತುವ ಹೊತ್ತಿಗೆ ಕಾಲ ಮಿಂಚಿತ್ತು. 80 ಸುತ್ತು ಮುಗಿದಾಗ ಅಂತರ 2.7 ಸೆಕೆಂಡ್. ಕೂಪರ್‌ನ ಟೈರ್ ಸವೆದು ಒಳಗಿನ ನೂಲು ಕಾಣುತ್ತಿತ್ತು. ಇದನ್ನು ಜನ ಮಾಸ್‌ನ ಜಾಣ್ಮೆಯ ಕಥೆಯೆಂದೇ ಹೇಳುತ್ತಾರೆ. ಜಾಣ್ಮೆ ಇತ್ತು, ಒಪ್ಪುತ್ತೇನೆ. ಆದರೆ ಅದೇ ಆಟವನ್ನು ಭಾರದ ಕಾರಿನಲ್ಲಿ ಆಡಿದ್ದರೆ ಆ ಟೈರ್ 80 ಸುತ್ತು ಬಾಳುತ್ತಿರಲಿಲ್ಲ.

ವಿಶ್ವ ಚಾಂಪಿಯನ್‌ಶಿಪ್ ರೇಸೊಂದನ್ನು ಹಿಂದೆ ಎಂಜಿನ್ ಇದ್ದ ಕಾರು ಗೆದ್ದದ್ದು ಅದೇ ಮೊದಲು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್‌ನಲ್ಲೇ ಚಾಂಪಿಯನ್. ಎತ್ತು ಗಾಡಿಯ ಮುಂದಿರಬೇಕು, ಹಿಂದಲ್ಲ ಎಂದು ವಾದಿಸುತ್ತಿದ್ದರಂತೆ ಎಂಜೋ ಫೆರಾರಿ. ಅವರೂ 1961ಕ್ಕೆ ಎತ್ತನ್ನು ಹಿಂದೆ ಕಟ್ಟಿದರು, ಕಟ್ಟಿ ಚಾಂಪಿಯನ್‌ಶಿಪ್ಪೂ ಗೆದ್ದರು. ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಬ್ರಾಬಮ್ ಅದೇ ವರ್ಷ ಕೂಪರ್ ಒಯ್ದು ಒಂಬತ್ತನೆಯವನಾದ. ಅಲ್ಲಿ ಮುಂದೆ ಎಂಜಿನ್ ಇದ್ದ ಕಾರಿನ ಕೊನೆಯ ಗೆಲುವು 1964ರದ್ದು.

ಜರ್ಮನಿಯ ಆಟೋ ಯೂನಿಯನ್ ಕಂಪನಿ 1934ರಲ್ಲೇ ಇದನ್ನು ಮಾಡಿರಲಿಲ್ಲವೇ ಎಂದು ಕೇಳುವವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ಮಾಡಿತ್ತು. 16 ಸಿಲಿಂಡರಿನ ಎಂಜಿನ್ ಹಿಂದಿತ್ತು, ರೇಸುಗಳನ್ನೂ ಗೆದ್ದಿತು. ಆದರೆ ಮೊದಮೊದಲ ಆ ಕಾರುಗಳ ಹಿಂದಿನ ಸ್ವಿಂಗ್ ಆಕ್ಸಲ್‌ನಿಂದ (ಚಕ್ರದ ಜೊತೆ ಮೇಲೆ ಕೆಳಗೆ ತೂಗುವ ಅಚ್ಚಿನಿಂದ) ತಿರುವಿನಲ್ಲಿ ಚಕ್ರದ ಕೋನ ಬದಲಾಗಿ, ಆ ಭಾರದ ಬಾಲ ಹಠಾತ್ತನೆ ಹೊರಗೆ ಜಾರುತ್ತಿತ್ತು. ಉಳಿದವರು ಅದನ್ನು ನೋಡಿ ಬೆರಗಾದರೇ ಹೊರತು ತಮ್ಮ ನಕ್ಷೆ ಹರಿಯಲಿಲ್ಲ.

ಎರಡನೆಯ ಕಾರು ಲೋಟಸ್ 49. 1967ರ ಜೂನ್ 4, ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್. ಆ ವಾರದ ಮುಂಚೆ ಅದನ್ನು ಓಡಿಸಿಯೇ ಇರದ ಜಿಮ್ ಕ್ಲಾರ್ಕ್, ಕಾರಿನ ಮೊದಲ ರೇಸನ್ನೇ ಗೆದ್ದ. ಕೀತ್ ಡಕ್‌ವರ್ತ್ ರೂಪಿಸಿದ ಡಿಎಫ್‌ವಿ ಎಂಜಿನ್ನಿಗೂ ಅದೇ ಮೊದಲ ರೇಸ್. ಕಾರಿನ ಒಡಲು ಚಾಲಕನ ಬೆನ್ನ ಹಿಂದಿನ ಗೋಡೆಗೆ ಮುಗಿದುಹೋಗುತ್ತದೆ. ಆ ಗೋಡೆಗೆ ಎಂಜಿನ್, ಎಂಜಿನ್ನಿಗೆ ಗೇರ್‌ಬಾಕ್ಸ್ ಮತ್ತು ಹಿಂದಿನ ಸಸ್ಪೆನ್ಷನ್. ಅಂದರೆ ಎಂಜಿನ್ನೇ ಬೆನ್ನೆಲುಬು. ತೊಡಕು ಎಲ್ಲಿ ಬರುತ್ತದೆ ಗೊತ್ತೇ? ಎಂಜಿನ್ ಕಾದಾಗ ಹಿಗ್ಗುತ್ತದೆ. ಮೇಲೂ ಕೆಳಗೂ ಬಿಗಿಯಾಗಿ ಕಟ್ಟಿದರೆ ಏನಾದರೊಂದು ಬಿರುಕು ಬಿಡಲೇಬೇಕು. ಅದಕ್ಕೆ ಕೆಳಗಿನ ಎರಡು ಬೋಲ್ಟ್ ಬಿಗಿ, ಮೇಲೆ ಮಾತ್ರ ಬಾಗಬಲ್ಲ ತೆಳು ಉಕ್ಕಿನ ತಗಡು. ಅದೇ ರೇಸಿನಲ್ಲಿ ಇನ್ನೊಂದು 49ರಲ್ಲಿ ಮುಂದಿದ್ದ ಗ್ರಹಾಂ ಹಿಲ್ 11ನೇ ಸುತ್ತಿಗೇ ನಿಂತ. ಎಂಜಿನ್ನಿನ ಟೈಮಿಂಗ್ ಗೇರಿನ ಹಲ್ಲು ಮುರಿದಿತ್ತು. ಇದಕ್ಕೂ ಮುಂಚೆ ಲ್ಯಾನ್ಸಿಯಾ ಡಿ50, ಬಿಆರ್‌ಎಂ ಎಚ್16 ಕಾರುಗಳೂ ಎಂಜಿನ್ನಿಗೆ ಭಾರ ಹೊರಿಸಿದ್ದವು ನಿಜ. ಮತ್ತೆ ನನ್ನ ಹಳೇ ರಾಗ: ನಕ್ಷೆ ಹರಿದದ್ದು ಯಾವಾಗ? 49 ಬಂದ ಮೇಲೆ. ಡಿಎಫ್‌ವಿ 1983ರವರೆಗೆ 155 ಗ್ರಾಂಪ್ರಿ ಗೆದ್ದಿತು. ಇವತ್ತಿನ ಕಾರುಗಳಲ್ಲೂ ಎಂಜಿನ್ ಒಡಲಿಗೆ ನೇರ ಬೋಲ್ಟ್ ಆಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಲೋಟಸ್ 72ರ ಪಕ್ಕದ ರೇಡಿಯೇಟರ್ ಬಿಡುತ್ತೇನೆ. ಲೋಟಸ್ 79 ಬಿಡಲಾರೆ.

ಲೋಟಸ್‌ನ ಪೀಟರ್ ರೈಟ್ ಅವರ ತಂಡ ಗಾಳಿ ಸುರಂಗದಲ್ಲಿ ಮಾದರಿ ಕಾರನ್ನು ಪರೀಕ್ಷಿಸುತ್ತಿತ್ತು. ಅಳತೆ ಒಮ್ಮೊಮ್ಮೆ ಒಂದೊಂದು ಥರ. ನೋಡಿದರೆ ಮಾದರಿಯ ಪಕ್ಕದ ಪೆಟ್ಟಿಗೆಗಳು ಜೋತು ನೆಲಕ್ಕೆ ಹತ್ತಿರವಾಗುತ್ತಿದ್ದವು, ಹತ್ತಿರವಾದಷ್ಟೂ ಕಾರು ನೆಲಕ್ಕೆ ಕಚ್ಚುತ್ತಿತ್ತು. ಅಂಚಿಗೆ ರಟ್ಟು ಅಂಟಿಸಿ ಸಂದು ಮುಚ್ಚಿದರು, ಹಿಡಿತ ಇನ್ನೂ ಏರಿತು. ಅಲ್ಲಿಂದ ಲೋಟಸ್ 78, ಅಲ್ಲಿಂದ 79, ಮೇಲೆ ಕೆಳಗೆ ಜಾರುತ್ತ ನೆಲ ಸವರುವ ಅಂಚುಗಳು. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್. ಅಂಚು ಸಿಕ್ಕಿಕೊಂಡು ಮೇಲೇ ಉಳಿದರೆ ಹಿಡಿತ ಒಮ್ಮೆಲೇ ಮಾಯ, ಅದು ಈ ಉಪಾಯದ ಅಪಾಯ. ಇನ್ನೊಂದು ತೊಂದರೆ ಕಾರು ಮೇಲೆ ಕೆಳಗೆ ಕುಣಿಯುವುದು. 1983ಕ್ಕೆ ಚಪ್ಪಟೆ ತಳ ಕಡ್ಡಾಯವಾಯಿತು. 2022ರಲ್ಲಿ ಕಾರಿನ ತಳದಲ್ಲಿ ಗಾಳಿ ಹಾಯುವ ಸುರಂಗಗಳು ಮರಳಿದವು, ಕುಣಿತವೂ ಜೊತೆಗೇ ಬಂತು.

ಎಂಪಿ4/4 ಬಗ್ಗೆ ಒಂದೇ ಮಾತು. ಟರ್ಬೊಗೆ, ಅಂದರೆ ಹೊಗೆಯ ಬಲದಿಂದಲೇ ಹೆಚ್ಚು ಗಾಳಿ ತುಂಬಿಕೊಳ್ಳುವ ಎಂಜಿನ್ನಿಗೆ, ರೇಸೊಂದಕ್ಕೆ 150 ಲೀಟರ್ ಇಂಧನದ ಮಿತಿ ಇದ್ದ ವರ್ಷ ಅಷ್ಟು ಗೆದ್ದದ್ದು ಹೋಂಡಾ ಎಂಜಿನಿಯರುಗಳ ಅದ್ಭುತ ಕೆಲಸ. ಆದರೆ 1989ಕ್ಕೆ ಟರ್ಬೊ ನಿಷೇಧವಾಯಿತು, ಆ ದಾರಿ ಅಲ್ಲಿಗೇ ನಿಂತಿತು. ಲೋಟಸ್ 49ರ ಬೋಲ್ಟುಗಳ ಚಿತ್ರ ಮೇಜಿನ ಮೇಲಿದೆ. ಕಾಫಿಯ ಹೊತ್ತಿನಲ್ಲಿ ಬನ್ನಿ, ಆ ತೆಳು ತಗಡನ್ನು ತೋರಿಸುತ್ತೇನೆ.