ಒಂದೇ ಸಿನಿಮಾಗೆ ಅರ್ಧ ಜನ ಅತ್ತರು, ಅರ್ಧ ಜನ ಸಿಟ್ಟಾದರು: ದಿ ಬ್ಯಾನ್‌ಶೀಸ್ ಆಫ್ ಇನಿಶೆರಿನ್

(ಪರದೆ ಮೇಲೆ: ಕಲ್ಲು ಪೇರಿಸಿದ ಗೋಡೆಗಳು, ಹಸಿರು ಗುಡ್ಡ, ಸಮುದ್ರ)

ಮಧ್ಯಾಹ್ನ 2 ಗಂಟೆ. ಐರ್ಲೆಂಡ್‌ನ ಪಶ್ಚಿಮ ಕರಾವಳಿಯಲ್ಲಿರುವ ಒಂದು ಪುಟ್ಟ ದ್ವೀಪ. ಹಾಲು ಮಾರಿ ಬದುಕುವ ಪಾಡ್ರಿಕ್ ತನ್ನ ಗೆಳೆಯ ಕೊಲಮ್‌ನ ಮನೆಗೆ ಹೋಗುತ್ತಾನೆ. ದಿನಾ ಇದೇ ಹೊತ್ತಿಗೆ ಇಬ್ಬರೂ ಸೇರಿ ಪಬ್‌ಗೆ ಹೋಗುವುದು ರೂಢಿ. ಕೊಲಮ್ ಒಳಗೇ ಕೂತು ಸಿಗರೇಟ್ ಸೇದುತ್ತಿದ್ದಾನೆ, ಕಿಟಕಿಯಲ್ಲಿ ಕಾಣಿಸುತ್ತಿದ್ದಾನೆ, ಆದರೆ ಕರೆದರೆ ತಿರುಗಿಯೂ ನೋಡುವುದಿಲ್ಲ.

ಆಮೇಲೆ ಪಾಡ್ರಿಕ್ ಕೇಳುತ್ತಾನೆ, ನಾನೇನಾದರೂ ತಪ್ಪು ಮಾಡಿದೆನಾ ಅಂತ. ಇಲ್ಲ. ಏನಾದರೂ ಅಂದೆನಾ? ಅದೂ ಇಲ್ಲ. ದುಡ್ಡಿನ ವಿಷಯ ಇಲ್ಲ, ಹೆಣ್ಣಿನ ವಿಷಯ ಇಲ್ಲ, ಜಮೀನಿನ ತಂಟೆ ಇಲ್ಲ. ನೀನು ನನಗೆ ಈಗ ಇಷ್ಟ ಇಲ್ಲ, ಅಷ್ಟೇ. ಪಾಡ್ರಿಕ್ ಬಿಡದೆ ಹಿಂದೆ ಬಿದ್ದಾಗ ಕೊಲಮ್ ಒಂದು ಮಾತು ಹೇಳುತ್ತಾನೆ: ಇನ್ನು ಮುಂದೆ ನೀನು ನನ್ನನ್ನ ಮಾತಾಡಿಸಿದಷ್ಟು ಸಲ ನನ್ನ ಕೈಯ ಒಂದೊಂದು ಬೆರಳು ಕತ್ತರಿಸಿ ನಿನಗೆ ಕೊಡುತ್ತೇನೆ. ಪಿಟೀಲು ಬಾರಿಸುವ ಮನುಷ್ಯ ಹೇಳುವ ಮಾತಿದು.

ಇಲ್ಲಿಂದ ಮುಂದೆ ಕಥೆ ಪೂರ್ತಿ ಹೇಳುತ್ತೇನೆ, ಕೊನೆಯದ್ದೂ ಸೇರಿ. ಇನ್ನೂ ನೋಡದವರು ನೋಡಿಕೊಂಡು ಬನ್ನಿ.

ಇದು 2022ರ ಸಿನಿಮಾ. ಬರೆದು ನಿರ್ದೇಶಿಸಿದ್ದು ಮಾರ್ಟಿನ್ ಮಕ್‌ಡೊನಾ. ಪಾಡ್ರಿಕ್ ಆಗಿ ಕಾಲಿನ್ ಫಾರೆಲ್, ಕೊಲಮ್ ಆಗಿ ಬ್ರೆಂಡನ್ ಗ್ಲೀಸನ್. ಕಥೆಯ ದ್ವೀಪ ಕಾಲ್ಪನಿಕ, ಶೂಟಿಂಗ್ ಆಗಿದ್ದು ಆರನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್‌ಮೋರ್ ಮತ್ತು ಅಕಿಲ್ ದ್ವೀಪಗಳಲ್ಲಿ. ವೆನಿಸ್ ಚಿತ್ರೋತ್ಸವದಲ್ಲಿ ಫಾರೆಲ್‌ಗೆ ಅತ್ಯುತ್ತಮ ನಟ, ಮಕ್‌ಡೊನಾಗೆ ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ ಬಂತು. ಬಾಫ್ಟಾದಲ್ಲಿ 4 ಪ್ರಶಸ್ತಿ. ಆಸ್ಕರ್‌ಗೆ 9 ನಾಮನಿರ್ದೇಶನ ಸಿಕ್ಕಿ, ಒಂದೂ ಕೈಗೆ ಬರಲಿಲ್ಲ.

ವಿಮರ್ಶಕರು ಬಹುತೇಕ ಒಂದೇ ದನಿಯಲ್ಲಿ ಹೊಗಳಿದರು. ಪ್ರೇಕ್ಷಕರು ಮಾತ್ರ ಎರಡು ಪಾಲಾದರು. ಕೆಲವರಿಗೆ ಇದು ಆ ವರ್ಷದ ಅತ್ಯುತ್ತಮ ಸಿನಿಮಾ. ಇನ್ನು ಕೆಲವರಿಗೆ ಎರಡು ಗಂಟೆ ಹಾಳು, ಮೇಲೆ ಮನಸ್ಸೂ ಹಾಳು. ಇಷ್ಟಪಡದವರಿಗೆ ಸಿನಿಮಾ ಅರ್ಥ ಆಗಿಲ್ಲ ಅಂತ ತಳ್ಳಿಹಾಕುವುದು ಸುಲಭ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಅವರ ದೂರುಗಳಲ್ಲಿ ಹುರುಳಿದೆ. ಕೆಲವಂತೂ ಸಿನಿಮಾದ ಹೊಟ್ಟೆಯೊಳಗಿಂದಲೇ ಬಂದ ದೂರುಗಳು.

ಮೊದಲನೆಯದು, ಕಾಮಿಡಿ ಅಂತ ಕರೆದು ಕೂರಿಸಿದ್ದು. 2008ರಲ್ಲಿ ಇದೇ ಮಕ್‌ಡೊನಾ, ಇದೇ ಫಾರೆಲ್, ಇದೇ ಗ್ಲೀಸನ್ ಸೇರಿ ‘ಇನ್ ಬ್ರೂಜ್’ ಮಾಡಿದ್ದರು. ಅದರಲ್ಲೂ ಸಾವಿದೆ, ರಕ್ತವಿದೆ, ಆದರೆ ನಕ್ಕು ನಕ್ಕು ಸುಸ್ತಾಗುವಷ್ಟು ಮಾತುಗಳೂ ಇವೆ. ಆ ಜೋಡಿ ಮತ್ತೆ ಬರುತ್ತಿದೆ ಅಂದಾಗ ಜನ ಅದೇ ಮಜಾ ಇರುತ್ತೆ ಅಂದುಕೊಂಡರು. ಗೋಲ್ಡನ್ ಗ್ಲೋಬ್‌ನವರು ಇದಕ್ಕೆ ಅತ್ಯುತ್ತಮ ಕಾಮಿಡಿ ವಿಭಾಗದಲ್ಲೇ ಪ್ರಶಸ್ತಿ ಕೊಟ್ಟರು. ಮೊದಲ ಅರ್ಧ ಗಂಟೆ ನಿಜಕ್ಕೂ ನಗು ಬರುತ್ತದೆ. ಊರಲ್ಲಿ ಸಿಕ್ಕವರೆಲ್ಲ ‘ಜಗಳ ಆಡಿದ್ರಾ?’ ಅಂತ ಕೇಳೋದು, ಪಾಡ್ರಿಕ್‌ಗೆ ತಾನು ಜಗಳ ಆಡಿದ್ದೇನೋ ಇಲ್ಲವೋ ಅಂತ ತನಗೇ ಅನುಮಾನ ಬರೋದು, ಅಂಗಡಿಯವಳು ಸುದ್ದಿಗಾಗಿ ಬೇರೆಯವರ ಕಾಗದ ಒಡೆದು ಓದೋದು. ಆಮೇಲೆ ಬಾಗಿಲಿಗೆ ಏನೋ ಬಂದು ಬಡಿಯುತ್ತದೆ. ಹೋಗಿ ನೋಡಿದರೆ ಬೆರಳು. ಅಲ್ಲಿಂದ ನಗು ಗಂಟಲಲ್ಲೇ ನಿಲ್ಲುತ್ತದೆ. ನಗಲು ಬಂದವರಿಗೆ ಮೋಸ ಆಯಿತು ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ ಹೇಳಿ?

ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಕಾರಣ ಎಲ್ಲಿ? ಅಷ್ಟು ವರ್ಷದ ಸ್ನೇಹ, ಒಂದು ಬೆಳಗ್ಗೆ ಎದ್ದು ಬೇಡ ಅಂದರೆ ನಂಬುವುದು ಹೇಗೆ?

ಕೊಲಮ್ ಒಂದಿಷ್ಟು ಹೇಳುತ್ತಾನೆ. ವಯಸ್ಸಾಗುತ್ತಿದೆ, ಉಳಿದಿರುವ ಕಾಲದಲ್ಲಿ ಒಳ್ಳೆಯ ಸಂಗೀತ ಕಟ್ಟಬೇಕು, ನಿನ್ನ ಹರಟೆ ಕೇಳಿಕೊಂಡು ಕೂರೋಕೆ ಆಗಲ್ಲ ಅಂತ. ಒಂದು ಸಲ ಪಾಡ್ರಿಕ್ ತನ್ನ ಗಿಡ್ಡ ಕುದುರೆಯ ಲದ್ದಿಯಲ್ಲಿ ಏನು ಸಿಕ್ಕಿತು ಅಂತ ಎರಡು ಗಂಟೆ ಮಾತಾಡಿದ್ದನಂತೆ. ಆದರೆ ಇದು ಪೂರ್ತಿ ಕಾರಣ ಅಲ್ಲ ಅಂತ ನಮಗೂ ಗೊತ್ತಾಗುತ್ತದೆ. ಪಾದ್ರಿಯ ಹತ್ತಿರ ತಪ್ಪೊಪ್ಪಿಗೆಗೆ ಹೋದಾಗ ಪಾದ್ರಿ ಅವನ ಹತಾಶೆಯ ಬಗ್ಗೆ ಕೇಳುತ್ತಾನೆ, ಅದು ಈಗ ಹೇಗಿದೆ ಅಂತ, ಹಳೆಯ ಕಾಯಿಲೆ ವಿಚಾರಿಸುವ ಹಾಗೆ. ಅಂದರೆ ಕೊಲಮ್‌ನ ಒಳಗೆ ಏನೋ ಬಹಳ ದಿನದಿಂದ ಕೊರೆಯುತ್ತಿದೆ. ಅದಕ್ಕೂ ಪಾಡ್ರಿಕ್‌ಗೂ ಸಂಬಂಧ ಇಲ್ಲದೆಯೂ ಇರಬಹುದು.

ನನ್ನ ಪ್ರಕಾರ, ಸ್ಪಷ್ಟ ಕಾರಣ ಕೊಟ್ಟಿದ್ದರೆ ಈ ಸಿನಿಮಾ ಅಲ್ಲೇ ಸತ್ತುಹೋಗುತ್ತಿತ್ತು. ಕಾರಣ ಇದ್ದರೆ ಯಾರದು ತಪ್ಪು ಅಂತ ತೀರ್ಮಾನಿಸಬಹುದು, ಕ್ಷಮೆ ಕೇಳಬಹುದು, ನಡುವೆ ನಾಲ್ಕು ಜನ ಕೂತು ರಾಜಿ ಮಾಡಿಸಬಹುದು. ಪಾಡ್ರಿಕ್‌ಗೆ ಕ್ಷಮೆ ಕೇಳೋಕೂ ಏನೂ ಸಿಗುವುದಿಲ್ಲ. ಆ ನೋವನ್ನ ನಮಗೂ ದಾಟಿಸಬೇಕು ಅಂದರೆ ನಮಗೂ ಕಾರಣ ಸಿಗಬಾರದು. ಯಾರೋ ಆಪ್ತರು ಏನೂ ಹೇಳದೆ ದೂರ ಆದ ಅನುಭವ ಇರುವವರಿಗೆ ಇದು ತಕ್ಷಣ ತಟ್ಟುತ್ತದೆ. ಇಲ್ಲದವರಿಗೆ ಸುಮ್ನೆ ಎಳೆದಾಡಿದ ಹಾಗೆ ಅನ್ನಿಸುತ್ತದೆ. ಇದರಲ್ಲಿ ಯಾರ ಬುದ್ಧಿಯ ಪ್ರಶ್ನೆಯೂ ಇಲ್ಲ.

ಒಂದು ದೃಶ್ಯ ನೆನಪಿಸಿಕೊಳ್ಳಿ. ಊರಿನ ಪೊಲೀಸ್ ಪಾಡ್ರಿಕ್‌ಗೆ ಹೊಡೆದು ನೆಲಕ್ಕೆ ಬೀಳಿಸುತ್ತಾನೆ. ಕೊಲಮ್ ಬರುತ್ತಾನೆ, ಮಾತಿಲ್ಲದೆ ಅವನನ್ನ ಎತ್ತಿ ಗಾಡಿ ಮೇಲೆ ಕೂರಿಸುತ್ತಾನೆ, ಪಕ್ಕದಲ್ಲಿ ಕೂತು ಲಗಾಮು ಹಿಡಿದು ಸ್ವಲ್ಪ ದೂರ ಗಾಡಿ ಹೊಡೆಯುತ್ತಾನೆ. ಪಾಡ್ರಿಕ್ ಅಳುತ್ತಾನೆ. ದಾರಿ ಕವಲೊಡೆಯುವ ಕಡೆ ಕೊಲಮ್ ಇಳಿದು, ಲಗಾಮು ಅವನ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಪ್ರೀತಿ ಹೋಗಿಲ್ಲ, ಆದರೂ ಸ್ನೇಹ ಬೇಡ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಕಷ್ಟ ಆಗಿದ್ದು ಇದನ್ನ ನೋಡೋಕೆ, ಬೆರಳುಗಳನ್ನಲ್ಲ.

ಈಗ ಪಬ್‌ನ ದೃಶ್ಯಕ್ಕೆ ಬರೋಣ. ಕುಡಿದ ಪಾಡ್ರಿಕ್ ಕೊಲಮ್‌ನನ್ನ ತರಾಟೆಗೆ ತೆಗೆದುಕೊಳ್ಳುತ್ತಾನೆ. ಒಳ್ಳೆಯವನಾಗಿದ್ದರೆ ಸಾಲದಾ ಅನ್ನೋದು ಅವನ ಪ್ರಶ್ನೆ. ಒಳ್ಳೆಯತನ ಉಳಿಯಲ್ಲ, ಸಂಗೀತ ಉಳಿಯುತ್ತದೆ, 17ನೇ ಶತಮಾನದ ಒಳ್ಳೆಯವರು ಯಾರೂ ನೆನಪಿಲ್ಲ, ಮೊಜಾರ್ಟ್ ನೆನಪಿದ್ದಾನೆ ಅಂತ ಕೊಲಮ್ ವಾದ. ಪಾಡ್ರಿಕ್ ಬಿಡಲ್ಲ. ನನ್ನ ಅಮ್ಮ ಒಳ್ಳೆಯವಳಾಗಿದ್ದಳು, ನನಗೆ ನೆನಪಿದ್ದಾಳೆ. ನನ್ನ ಅಪ್ಪ ಒಳ್ಳೆಯವನಾಗಿದ್ದ, ನೆನಪಿದ್ದಾನೆ. ನನ್ನ ತಂಗಿ ಒಳ್ಳೆಯವಳು, ಅವಳನ್ನೂ ನೆನಪಿಟ್ಟುಕೊಳ್ಳುತ್ತೇನೆ. ಆಮೇಲೆ ಆ ತಂಗಿ ಶಿವಾನ್, ಅಂದರೆ ಕೆರಿ ಕಾಂಡನ್, ಹೊರಡುವಾಗ ಕೊಲಮ್‌ನನ್ನ ತಿದ್ದುತ್ತಾಳೆ: ಮೊಜಾರ್ಟ್ ಇದ್ದದ್ದು 18ನೇ ಶತಮಾನದಲ್ಲಿ.

ಪ್ರೇಕ್ಷಕರು ಜಗಳ ಆಡುತ್ತಿರುವುದೂ ಇದೇ ಜಗಳವನ್ನ ಅಂತ ನನಗೆ ಅನ್ನಿಸುತ್ತದೆ. ಇಷ್ಟಪಟ್ಟವರು ಹೇಳುವುದನ್ನ ಕೇಳಿ: ಬರವಣಿಗೆ ಎಂಥಾದ್ದು, ಬೆನ್ ಡೇವಿಸ್ ಕ್ಯಾಮೆರಾ ಎಂಥಾದ್ದು, ಇನ್ನೂ 50 ವರ್ಷ ಉಳಿಯುವ ಸಿನಿಮಾ. ಇಷ್ಟಪಡದವರು ಹೇಳುವುದು: ಇದು ಕ್ರೂರ, ಆ ಪಾಪದ ಮನುಷ್ಯನಿಗೆ ಯಾಕೆ ಇಷ್ಟು ಹಿಂಸೆ, ನಮಗೆ ಯಾಕೆ ಇಷ್ಟು ಹಿಂಸೆ. ಒಬ್ಬರು ಕೊಲಮ್ ಥರ ಉಳಿಯುವುದನ್ನ ಕೇಳುತ್ತಿದ್ದಾರೆ, ಇನ್ನೊಬ್ಬರು ಪಾಡ್ರಿಕ್ ಥರ ಕರುಣೆ ಕೇಳುತ್ತಿದ್ದಾರೆ. ಆದ್ದರಿಂದಲೇ ಈ ವಾದ ಮುಗಿಯುತ್ತಿಲ್ಲ.

ಬೆರಳಿನ ವಿಷಯ. ಸಂಗೀತಕ್ಕಾಗಿ ಸ್ನೇಹ ಬಿಟ್ಟವನು ಸಂಗೀತದ ಕೈಯನ್ನೇ ಕತ್ತರಿಸಿಕೊಳ್ಳುತ್ತಾನೆ, ಅದೂ ತಂತಿ ಒತ್ತುವ ಎಡಗೈ. ಮೊದಲು ಒಂದು, ಆಮೇಲೆ ಉಳಿದ ನಾಲ್ಕೂ. ಲಾಜಿಕ್ ಎಲ್ಲಿದೆ ಅಂತ ಕೇಳಿದರೆ, ಇಲ್ಲ, ಲಾಜಿಕ್ ಇಲ್ಲ. ಇದನ್ನ ಅರ್ಥ ಮಾಡಿಕೊಳ್ಳೋಕೆ ಸಮುದ್ರದ ಆಚೆ ದಡ ನೋಡಬೇಕು.

(ಪರದೆ ಮೇಲೆ: ಐರ್ಲೆಂಡ್ ನಕ್ಷೆ, 1921ರಿಂದ 1923)

ಕಥೆ ನಡೆಯುವುದು 1923ರ ಏಪ್ರಿಲ್‌ನಲ್ಲಿ. ಐರ್ಲೆಂಡ್ ಬ್ರಿಟಿಷರ ವಿರುದ್ಧ ಹೋರಾಡಿ 1921ರ ಡಿಸೆಂಬರ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ಪೂರ್ತಿ ಗಣರಾಜ್ಯ ಸಿಗಲಿಲ್ಲ, ಬ್ರಿಟನ್ ರಾಜನಿಗೆ ನಿಷ್ಠೆಯ ಪ್ರಮಾಣ ಉಳಿಯಿತು. ಐರಿಶ್ ಸಂಸತ್ತಿನಲ್ಲಿ ಒಪ್ಪಂದದ ಪರವಾಗಿ 64, ವಿರುದ್ಧ 57 ಮತ. ನಿನ್ನೆ ತನಕ ಒಂದೇ ಬಂದೂಕಿನ ಹಿಂದೆ ನಿಂತಿದ್ದವರು 1922ರ ಜೂನ್‌ನಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸೋಕೆ ಶುರು ಮಾಡಿದರು. ಒಪ್ಪಂದಕ್ಕೆ ಸಹಿ ಹಾಕಿದ ಐರಿಶ್ ನಾಯಕ ಮೈಕಲ್ ಕಾಲಿನ್ಸ್ ಅದೇ ಆಗಸ್ಟ್‌ನಲ್ಲಿ ಸತ್ತ. ಹೊಸ ಸರ್ಕಾರ ತನ್ನದೇ ಹಳೆಯ ಸಂಗಾತಿಗಳಲ್ಲಿ 70ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಕೊಟ್ಟಿತು. 1923ರ ಮೇ ತಿಂಗಳಲ್ಲಿ ಗುಂಡು ನಿಂತಿತು. ಮನೆ ಮನೆಗಳಲ್ಲಿ ಮಾತು ಬಿಟ್ಟವರು ಮಾತ್ರ ಎಷ್ಟೋ ಕಾಲ ಮಾತು ಬಿಟ್ಟೇ ಇದ್ದರು.

ಸಿನಿಮಾದಲ್ಲಿ ಈ ಯುದ್ಧ ದೂರದ ಹೊಗೆ, ದೂರದ ಸದ್ದು, ಅಷ್ಟೇ. ಊರಿನ ಪೊಲೀಸ್‌ಗೆ ಒಂದು ಮರಣದಂಡನೆಗೆ ಹೋಗಿ ನಿಲ್ಲೋಕೆ ದುಡ್ಡು ಕೊಡುತ್ತಾರೆ, ಊಟವೂ ಫ್ರೀ. ಯಾರು ಯಾರನ್ನ ಕೊಲ್ಲುತ್ತಿದ್ದಾರೆ ಅನ್ನೋದು ಅವನಿಗೆ ಸರಿಯಾಗಿ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ತನ್ನ ದೇಹವನ್ನ ತಾನೇ ಕತ್ತರಿಸಿಕೊಳ್ಳುವ ಮನುಷ್ಯ, ತನ್ನವರನ್ನ ತಾನೇ ಕೊಲ್ಲುವ ದೇಶ. ಹೋಲಿಕೆ ಅತಿಯಾಗಿ ಜೋಡಿಸಿದ ಹಾಗಿದೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಯಾಕೆಂದರೆ ಈ ಇತಿಹಾಸ ಏನೂ ಗೊತ್ತಿಲ್ಲದೆ ನೋಡಿದರೂ ಇಬ್ಬರ ಜಗಳ ಜಗಳವಾಗಿಯೇ ನಿಲ್ಲುತ್ತದೆ.

ಐರ್ಲೆಂಡ್‌ನವರದೇ ಒಂದು ಬೇರೆ ತಕರಾರು. ಮಕ್‌ಡೊನಾ ಹುಟ್ಟಿ ಬೆಳೆದದ್ದು ಲಂಡನ್‌ನಲ್ಲಿ. ತಂದೆ ತಾಯಿ ಐರಿಶ್, ರಜೆಗೆ ಪಶ್ಚಿಮ ಐರ್ಲೆಂಡ್‌ಗೆ ಹೋಗುತ್ತಿದ್ದ. 1996ರಿಂದ ಅವನ ನಾಟಕಗಳಿಗೆ ಇದೇ ಆಕ್ಷೇಪ: ಹಳ್ಳಿಯ ಐರಿಶ್ ಜನರನ್ನ ದಡ್ಡರು, ಕುಡುಕರು, ವಿಚಿತ್ರ ಮನುಷ್ಯರು ಅಂತ ಹೊರಗಿನವರ ಖುಷಿಗೆ ತೋರಿಸುತ್ತಾನೆ. ಇನ್ನೊಂದು ಮಾತೂ ಇದೆ, ಇದನ್ನ ನಾನು ಪೂರ್ತಿ ಒಪ್ಪುತ್ತೇನೆ: 1923ರಲ್ಲಿ ಆರನ್ ದ್ವೀಪಗಳ ಮನೆಮಾತು ಐರಿಶ್. ಇವತ್ತಿಗೂ ಅದು ಐರಿಶ್ ಮಾತಾಡುವ ಪ್ರದೇಶ. ಸಿನಿಮಾದಲ್ಲಿ ಎಲ್ಲರೂ ಮಾತಾಡುವುದು ಇಂಗ್ಲಿಷ್. ಅದೇ ವರ್ಷ ಆಸ್ಕರ್‌ಗೆ ಹೋದ ಇನ್ನೊಂದು ಐರಿಶ್ ಸಿನಿಮಾ ‘ಅನ್ ಕಾಲೀನ್ ಕ್ಯೂನ್’ ಬಹುತೇಕ ಐರಿಶ್‌ನಲ್ಲೇ ಇತ್ತು, ಆದ್ದರಿಂದ ಇದು ಇನ್ನೂ ಎದ್ದು ಕಂಡಿತು.

ಈ ಜಗಳವೂ ಹೊಸದಲ್ಲ. ಐರಿಶ್ ನಾಟಕಕಾರ ಜೆ. ಎಂ. ಸಿಂಜ್ 1898ರಿಂದ ಇದೇ ಆರನ್ ದ್ವೀಪಗಳಿಗೆ ಹೋಗಿ, ಅಲ್ಲಿನವರ ಜೊತೆ ಇದ್ದು, ಆಮೇಲೆ ಒಂದು ನಾಟಕ ಬರೆದ. ಅಪ್ಪನನ್ನ ಕೊಂದೆ ಅಂತ ಹೇಳಿಕೊಂಡು ಬಂದ ಹುಡುಗನನ್ನ ಊರವರು ಹೀರೋ ಮಾಡಿಬಿಡುವ ಕಥೆ. 1907ರ ಜನವರಿಯಲ್ಲಿ ಡಬ್ಲಿನ್‌ನ ಅಬ್ಬಿ ಥಿಯೇಟರ್‌ನಲ್ಲಿ ಆಡಿದಾಗ ಪ್ರೇಕ್ಷಕರು ಗಲಾಟೆ ಎಬ್ಬಿಸಿದರು, ಪೊಲೀಸರು ಬರಬೇಕಾಯಿತು. ನಮ್ಮ ಜನ ಹೀಗಲ್ಲ ಅನ್ನೋದೇ ಆವತ್ತಿನ ಸಿಟ್ಟು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವ ದೇಶಕ್ಕೆ ತನ್ನ ಹಳ್ಳಿಗಳು ಪವಿತ್ರವಾಗಿ ಕಾಣಬೇಕಿತ್ತು. ಆ ನೋವು ಅರ್ಥ ಆಗುತ್ತದೆ. ಹಾಗಂತ ಪಾಡ್ರಿಕ್‌ನನ್ನ ದಡ್ಡ ಅಂತ ಸಿನಿಮಾ ಗೇಲಿ ಮಾಡುತ್ತದೆ ಅಂದರೆ ನಾನು ಒಪ್ಪಲ್ಲ. ಅವನಿಗೆ ಸಿಕ್ಕಷ್ಟು ಗೌರವ ಆ ಸಿನಿಮಾದಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ.

ನನ್ನ ತಕರಾರು ಇರುವುದು ಡಾಮಿನಿಕ್ ವಿಷಯದಲ್ಲಿ. ಆ ಪೊಲೀಸ್‌ನ ಮಗ, ಬ್ಯಾರಿ ಕ್ಯೋಗನ್ ಮಾಡಿದ ಪಾತ್ರ. ಊರವರಿಗೆ ಅವನು ಪೆದ್ದ. ಅಪ್ಪ ಹೊಡೆಯುತ್ತಾನೆ, ಹೊಡೆತಕ್ಕಿಂತ ಹೇಸಿಗೆಯದ್ದನ್ನೂ ಮಾಡುತ್ತಾನೆ, ಅದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಏನೂ ಮಾಡುವುದಿಲ್ಲ. ಪಾಡ್ರಿಕ್ ಒಬ್ಬ ಸಂಗೀತದ ಹುಡುಗನನ್ನ ಸುಳ್ಳು ಹೇಳಿ ಊರಿಂದ ಓಡಿಸಿದಾಗ, ನೀನೊಬ್ಬ ಒಳ್ಳೆಯವನು ಅಂದುಕೊಂಡಿದ್ದೆ, ನೀನೂ ಅವರ ಥರಾನೇ ಅಂತ ಬೇಜಾರಾಗಿ ಹೋಗುವವನು ಈ ಡಾಮಿನಿಕ್. ಶಿವಾನ್‌ಗೆ ತನ್ನ ಪ್ರೀತಿ ಹೇಳಿಕೊಳ್ಳುತ್ತಾನೆ, ಅವಳು ಆದಷ್ಟು ಮೆಲ್ಲಗೆ ಇಲ್ಲ ಅನ್ನುತ್ತಾಳೆ. ಆಮೇಲೆ ನೀರಲ್ಲಿ ಅವನ ಹೆಣ.

ಪಾಡ್ರಿಕ್‌ನ ಪುಟ್ಟ ಕತ್ತೆ ಜೆನ್ನಿ ಆ ಬೆರಳು ತಿಂದು ಗಂಟಲಿಗೆ ಸಿಕ್ಕಿ ಸಾಯುತ್ತದೆ. ಅದಕ್ಕೆ ಸಮಾಧಿ ಇದೆ, ಕಣ್ಣೀರಿದೆ, ಸೇಡಿದೆ, ಕೊಲಮ್‌ನ ಮನೆಗೆ ಬೆಂಕಿ ಬೀಳುತ್ತದೆ. ಡಾಮಿನಿಕ್‌ಗೆ ಒಂದು ನಿಮಿಷವೂ ಇಲ್ಲ. ಇಬ್ಬರು ದೊಡ್ಡವರು ತಮ್ಮ ಜಗಳದಲ್ಲಿ ಮುಳುಗಿರುವಾಗ ನಿಜವಾಗಿ ಕಷ್ಟದಲ್ಲಿದ್ದ ಹುಡುಗ ಯಾರ ಕಣ್ಣಿಗೂ ಬೀಳದೆ ಸತ್ತ, ಅದನ್ನೇ ತೋರಿಸುವುದು ಉದ್ದೇಶ ಅಂತ ಹಲವರು ಹೇಳುತ್ತಾರೆ. ಇರಬಹುದು. ಆದರೆ ಊರು ಅವನನ್ನ ಮರೆತ ಹಾಗೆ ಸಿನಿಮಾವೂ ಮರೆಯಿತೇನೋ ಅನ್ನುವ ಸಂಶಯ ನನ್ನನ್ನ ಬಿಟ್ಟಿಲ್ಲ. ಇದು ಬರೀ ಕ್ರೌರ್ಯ ಅನ್ನುವವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲದಿರುವುದು ಇದೊಂದು ಜಾಗದಲ್ಲಿ.

ನೋಡುವವರಿಗೆ ಎರಡು ಮಾತು. ಸಬ್‌ಟೈಟಲ್ ಹಾಕಿಕೊಳ್ಳಿ, ಆ ಉಚ್ಚಾರ ಕಿವಿಗೆ ಒಗ್ಗೋಕೆ ಹೊತ್ತು ಬೇಕು. ಮನಸ್ಸು ಭಾರ ಇರುವ ದಿನಗಳಲ್ಲಿ ಒಬ್ಬರೇ ಕೂತು ನೋಡಬೇಡಿ, ಇದನ್ನ ಕಾಳಜಿಯಿಂದಲೇ ಹೇಳುತ್ತಿದ್ದೇನೆ. ನೋಡಿಯಾದವರು ಕಾಮೆಂಟ್‌ನಲ್ಲಿ ಬರೆಯಿರಿ. ಬೆರಳಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಡಾಮಿನಿಕ್ ಬಗ್ಗೆ ನಿಮಗೆ ಏನನ್ನಿಸಿತು ಅನ್ನೋದು ನನಗೆ ಓದಬೇಕು.